ಅತ್ತೆ ಆರಿಸಿದ ಗಾಡಿ

ಅತ್ತೆ ಬರಿಗಾಲಲ್ಲೇ ಕಾರು ಓಡಿಸುತ್ತಾರೆ. ಬ್ರೇಕ್ ತುಳಿದಾಗಲೆಲ್ಲ ಬೆಳ್ಳಿಯ ಕಾಲುಂಗುರ ಪೆಡಲಿಗೆ ತಾಗಿ ಟಿಕ್ಕೆನ್ನುತ್ತದೆ. ಕೇಳಿದರೆ, "ಚಪ್ಲಿ ಹಾಕ್ಕೊಂಡ್ರೆ ಗಾಡಿ ಏನಂತೈತೆ ಅಂತ ಕಾಲಿಗೆ ತಿಳಿಯಲ್ಲ" ಎನ್ನುತ್ತಾರೆ.

ನಮ್ಮಪ್ಪನ ತಂಗಿ ಅವರು. ನಿಟ್ಟುವಳ್ಳಿಯ ಮನೆಯಲ್ಲಿ ನಾಲ್ಕಾರು ಹೆಂಗಸರನ್ನು ಕಟ್ಟಿಕೊಂಡು ಖಡಕ್ ರೊಟ್ಟಿ ಮಾಡಿಸಿ ಊರಿನ ಅಂಗಡಿಗಳಿಗೂ ಹರಿಹರದ ಖಾನಾವಳಿಗಳಿಗೂ ಕೊಡುತ್ತಾರೆ. ಬಾಡಿಗೆ ಗಾಡಿಯವನು ಕೈಕೊಟ್ಟ ದಿನ ಖಾನಾವಳಿಯವರು ಬೇರೆ ಕಡೆಯಿಂದ ರೊಟ್ಟಿ ತರಿಸಿಬಿಡುತ್ತಿದ್ದರು. ಹೀಗೇ ಬಿಟ್ಟರೆ ಗಿರಾಕಿಗಳು ಕೈತಪ್ಪುವುದು ಖಂಡಿತ. ಸ್ವಂತ ಗಾಡಿ ಬೇಕಿತ್ತು, ಅದೂ ಲಾಭವನ್ನೆಲ್ಲ ಕುಡಿದುಬಿಡದಂಥದ್ದು.

ಆದರೆ ನಮ್ಮ ಮನೆತನದಲ್ಲಿ ಗಾಡಿ ಆರಿಸುವ ಹಕ್ಕು ದೊಡ್ಡಪ್ಪನದು. ಎಂ.ಸಿ.ಸಿ. ಬಡಾವಣೆಯಲ್ಲಿರುವ ಜವಳಿ ವ್ಯಾಪಾರಿ. "ಡೀಸೆಲ್ ಬಿಟ್ಟು ಬ್ಯಾರೆ ತರಬ್ಯಾಡ. ಹೈಬ್ರಿಡ್ ಅಂತೂ ಆಟದ ಸಾಮಾನು" ಎಂದು ತೀರ್ಪು ಕೊಟ್ಟರು. ಅಣ್ಣನಿಗೆ ಎದುರಾಡಿ ಅತ್ತೆಗೆ ಅಭ್ಯಾಸವೇ ಇರಲಿಲ್ಲ. ಅಂದು ಮಾತ್ರ, ಅವರ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕುತ್ತ, "ಮೂರೂ ಥರದ ಗಾಡಿ ಒಂದಿನ ನನ್ ರೊಟ್ಟಿ ಹೊರ್ಲಿ ಅಣ್ಣಾ, ಆಮ್ಯಾಲೆ ಹೇಳ್ರಿ" ಅಂದರು.

ದೊಡ್ಡಪ್ಪನ ಡೀಸೆಲ್, ನನ್ನ ಪುಟ್ಟ ಪೆಟ್ರೋಲ್ ಕಾರು, ಅತ್ತೆ ಷೋರೂಮಿನವರನ್ನು ಒಪ್ಪಿಸಿ ತಂದ, ಪೆಟ್ರೋಲು ಬ್ಯಾಟರಿ ಎರಡರಲ್ಲೂ ಓಡುವ ಹೈಬ್ರಿಡ್. ಒಂದೇ ಬಂಕಿನಲ್ಲಿ ಮೂರಕ್ಕೂ ಕಂಠಮಟ್ಟ ತುಂಬಿಸಿದೆವು; ಸಂಜೆ ಮತ್ತೆ ತುಂಬಿಸಿದರೆ ಯಾವುದು ಎಷ್ಟು ಕುಡಿಯಿತೆಂದು ತಿಳಿಯುತ್ತದೆ. "ಮೈಲೇಜು ಹೈವೇನಾಗೆ ನೋಡ್ಬೇಕು" ಎಂದು ದೊಡ್ಡಪ್ಪ ಸೀದಾ ಹರಿಹರದ ಕಡೆ ತಿರುಗಿಸಿದರು. ಅತ್ತೆ ಅಡ್ಡ ನಿಂತರು. "ನನ್ ರೊಟ್ಟಿ ಮೊದ್ಲು ಊರು ಸುತ್ತತಾವ್ರಿ. ಹರಿಹರ ಆಮ್ಯಾಲೆ."

ಮಕ್ಕಳು ಶಾಲೆಗೆ ಹೊರಡುವ ಹೊತ್ತು. ಸ್ಕೂಟರು ಆಟೊಗಳ ನಡುವೆ ಅಂಗಡಿಗೊಮ್ಮೆ ನಿಲ್ಲಿಸು, ಮತ್ತೆ ಹೊರಡು. ಹೈಬ್ರಿಡ್ಡಿನ ಎಂಜಿನ್ ನಿಂತಲ್ಲಿ ತಾನೇ ಆರಿ, ಗಾಡಿ ಬ್ಯಾಟರಿಯಲ್ಲಿ ಸದ್ದಿಲ್ಲದೆ ನುಸುಳುತ್ತಿತ್ತು. ಇತ್ತ ದೊಡ್ಡಪ್ಪನ ಗಾಡಿಯಲ್ಲಿ ಹಳದಿ ದೀಪ ಹತ್ತಿತು. ಅವರ ಮುಖ ಸಣ್ಣದಾಯಿತು.

ಆಗ ದೊಡ್ಡಪ್ಪನ ಬಾಯಿಂದಲೇ ಹೊರಬಿತ್ತು ಗುಟ್ಟು. ಈಗಿನ ಡೀಸೆಲ್ ಗಾಡಿಯಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಬರೀ ಊರೊಳಗೆ ಓಡಿಸಿದರೆ ಅದು ಕಟ್ಟಿಕೊಂಡು ಈ ಹಳದಿ ದೀಪ ಹತ್ತುತ್ತದೆ. ಹೈವೇಯಲ್ಲಿ ಒಂದೇ ಸಮನೆ ಓಡಿಸಿ ಮಸಿ ಸುಡಬೇಕು. ಮನೆಗೂ ಅಂಗಡಿಗೂ ಅಷ್ಟೇ ಓಡಾಡುವ ದೊಡ್ಡಪ್ಪ ಪ್ರತಿ ಸೋಮವಾರ ಹರಿಹರದ ದೇವಸ್ಥಾನಕ್ಕೆ ಹೋಗುತ್ತಿದ್ದದ್ದು ಇದಕ್ಕೇ! ನಾವೆಲ್ಲ ಭಕ್ತಿ ಅಂದುಕೊಂಡಿದ್ದೆವು.

"ಹೋಗಿ ಬರ್ರಿ ಅಣ್ಣಾ. ಸೋಮವಾರ ಅಲ್ದಿದ್ರೂ ದೇವ್ರು ದರ್ಶನ ಕೊಡ್ತಾನೆ" ಅಂದರು ಅತ್ತೆ. ದೊಡ್ಡಪ್ಪನಿಗೇ ನಗು ತಡೆಯಲಾಗಲಿಲ್ಲ.

ಸಂಜೆ ಬಂಕಿನಲ್ಲಿ ನೋಡಿದರೆ ಹೈಬ್ರಿಡ್ ಕುಡಿದದ್ದೇ ಎಲ್ಲಕ್ಕಿಂತ ಕಡಿಮೆ. ನಾನೂ ಅದನ್ನೇ ಕೊಳ್ಳುತ್ತೇನೆಂದು ಕುಣಿದೆ. ಅತ್ತೆ ಗದರಿದರು. "ನೀ ಅಪರೂಪಕ್ಕೆ ಗಾಡಿ ತೆಗೆಯೋಳು, ನಿಂಗ್ಯಾಕ ಅಷ್ಟು ಬೆಲೆಯ ಗಾಡಿ? ಪೆಟ್ರೋಲೇ ಸಾಕು. ದೂರದೂರಿಗೆ ದಿನಾ ತಿರುಗೋರಿಗೆ ಅಣ್ಣನ ಡೀಸೆಲ್ ಸರಿ. ನಂದು ದಿನವೆಲ್ಲ ನಿಂತು ನಿಂತು ಓಡೋ ಗಾಡಿ, ಹೆಚ್ಚು ಕೊಟ್ಟಿದ್ದು ಪೆಟ್ರೋಲಿನ ಉಳಿತಾಯದಾಗೆ ವಾಪಸ್ ಬರ್ತೈತೆ. ನನ್ ಓಡಾಟ ನಂಗೆ ಗೊತ್ತು."

ಹೈಬ್ರಿಡ್ ಬಂತು. ಖಾನಾವಳಿಗಳು ಉಳಿದವು, ಹೊಸವೂ ಸೇರಿದವು. ನನ್ನ ಬದುಕಿನ ತೀರ್ಮಾನಗಳನ್ನು ಬೇರೆಯವರು ಮಾಡಹೊರಟಾಗ ನಾನೂ ಈಗ, ದನಿ ಏರಿಸದೆ, ನನ್ನ ಓಡಾಟ ನನಗೆ ಗೊತ್ತು ಎನ್ನುತ್ತೇನೆ. ಅತ್ತೆಯ ಈ ಋಣ ತೀರುವಂಥದ್ದಲ್ಲ.

ಮೊನ್ನೆ ಮದುವೆಯೊಂದರಲ್ಲಿ ಬೀಗರೊಬ್ಬರು ಯಾವ ಕಾರು ಕೊಳ್ಳಲಿ ಎಂದು ದೊಡ್ಡಪ್ಪನನ್ನು ಕೇಳಿದರು. ಅವರು ಹೆಂಗಸರ ಪಂಕ್ತಿಯತ್ತ ಕೈ ತೋರಿಸಿ, ಎಲ್ಲರಿಗೂ ಕೇಳುವಂತೆ ಹೇಳಿದರು: "ನನ್ನ ಕೇಳಬ್ಯಾಡ್ರಿ. ಅಲ್ಲಿ ನನ್ ತಂಗಿ ಕುಂತಾಳೆ, ಆಕೀನ ಕೇಳ್ರಿ."