ಒಳಗೆ ಕೂತವರ ವಿಮೆ

ಬಾಳೂರಿನ ಸುಗ್ರಾ ಬೀಗೆ ಸಿಟ್ಟು ಬಂದರೆ ದನಿ ಏರುತ್ತಿರಲಿಲ್ಲ, ಇಳಿಯುತ್ತಿತ್ತು. ಆಕೆ ಮೆಲ್ಲಗೆ ಮಾತಾಡತೊಡಗಿದರೆ ಗೊತ್ತಿದ್ದವರು ಜಾಗ ಖಾಲಿ ಮಾಡಲು ಚಪ್ಪಲಿ ಹುಡುಕುತ್ತಿದ್ದರು. ವಿಮೆ ಏಜೆಂಟ್ ಚಂದ್ರಶೇಖರನಿಗೆ ಅದು ಗೊತ್ತಿರಲಿಲ್ಲ.

ಆಕೆಯ ಗಂಡ ನಿಜಾಮುದ್ದೀನ್ ಮೆಕ್ಯಾನಿಕ್. ಇಂಗ್ಲೆಂಡಿಗೆ ವಾಪಸು ಹೊರಟ ಎಸ್ಟೇಟ್ ದೊರೆಯೊಬ್ಬ ಬಿಟ್ಟುಹೋದ ಆಸ್ಟಿನ್ ಕಾರನ್ನು ಪೂರ್ತಿ ಬಿಚ್ಚಿ, ಜೋಡಿಸಿ, ಓಡುವ ಹಾಗೆ ಮಾಡಿದವನು. ಆದರೆ ಸತ್ತದ್ದು ಬೇರೆಯವರ ಜೀಪಿನಲ್ಲಿ. ಕಳಸಕ್ಕೆ ಹೊರಟವನನ್ನು ಪರಿಚಯದವರೊಬ್ಬರು ಹತ್ತಿಸಿಕೊಂಡರು. ತಿರುವಿನಲ್ಲಿ ಜೀಪು ಎಮ್ಮೆಗೆ ಗುದ್ದಿ ಮಗುಚಿತು. ಎಮ್ಮೆ ಸಾಕಿದವನಿಗೆ ಜೀಪಿನ ವಿಮೆಯಿಂದ ಪರಿಹಾರ ಸಿಕ್ಕಿತು. ಸುಗ್ರಾ ಬೀಗೆ ವಿಮೆಯವರಿಂದ ಸಿಕ್ಕಿದ್ದು ಒಂದು ಮಾತು: 'ನಿಮ್ಮ ಯಜಮಾನ್ರು ಒಳಗೆ ಕೂತಿದ್ರಲ್ಲಮ್ಮ, ಆ ಪಾಲಿಸಿಲಿ ಒಳಗಿನವರಿಗೆ ಬರಲ್ಲ.'

ಆ ಮಾತು ಆಕೆಯ ಎದೆಯಲ್ಲಿ ಕೆಂಡವಾಗಿ ಉಳಿಯಿತು.

ಆಮೇಲೆ ಕಾರು ಓಡಿಸಿದವನು ಮೈದುನ ಮೊಯ್ದು. ಬಾಡಿಗೆಗಲ್ಲ. ಎಸ್ಟೇಟಿನ ಕೂಲಿ ಲೈನಿನ ಮನೆಗಳಲ್ಲಿ ಯಾರಿಗಾದರೂ ಹೆರಿಗೆ ನೋವು ಬಂದರೆ ಮೂಡಿಗೆರೆ ಆಸ್ಪತ್ರೆ ಮುಟ್ಟಿಸಲು ಸುತ್ತಮುತ್ತ ಇದ್ದದ್ದು ಅದೊಂದೇ ಕಾರು. ಪೆಟ್ರೋಲು ಆಕೆಯ ಮೆಣಸಿನ ಬಳ್ಳಿಗಳ ಲೆಕ್ಕದಲ್ಲಿ. ಎಪ್ಪತ್ತೊಂಬತ್ತನೇ ಇಸವಿಯಲ್ಲಿ, ಇನ್ನೇನು ಮಳೆ ಹಿಡಿಯಬೇಕು, ಕಾರಿನ ವಿಮೆ ಮುಗಿಯುತ್ತ ಬಂತು. ಸುಗ್ರಾ ಬೀ ಹಟ ಹಿಡಿದಳು: ಒಳಗೆ ಕೂತವರನ್ನೂ ಸೇರಿಸಿ ಪಾಲಿಸಿ ಆಗಬೇಕು. ಆಗದಿದ್ದರೆ ಯಾರನ್ನೂ ಹತ್ತಿಸುವುದಿಲ್ಲ. ತನಗಾದದ್ದು ಇನ್ನೊಂದು ಮನೆಗೆ ಆಗಬಾರದು. ಲೈನಿನಲ್ಲಿ ಮುತ್ತಮ್ಮನಿಗೆ ಆಗಲೇ ದಿನ ತುಂಬುತ್ತಿತ್ತು.

ಮೂಡಿಗೆರೆಯ ಏಜೆಂಟ್ 'ಗುಜರಿಗೆ ಹಾಕಿ' ಅಂದ. ಚಿಕ್ಕಮಗಳೂರಿನವನು ಕಾರಿನ ವಯಸ್ಸು ಕೇಳಿಯೇ ನಕ್ಕ. ಚಂದ್ರಶೇಖರ ಮಾತ್ರ 'ಹಳೇದಾದ್ರೇನು, ಕಣ್ಣಾರೆ ನೋಡಿ ಬರೀತೀನಿ' ಎಂದು ಬಂದ.

ಬಸ್ಸಿಳಿದು ಏರು ಹತ್ತಿ ಬಂದವನಿಗೆ ಹಸಿವಾಗಿತ್ತು. ಚಾದ ಜೊತೆ ಇಟ್ಟ ಬಾಳೆಹಣ್ಣನ್ನು ಮೂರು ತಿಂದ. ಬಾನೆಟ್ ಎತ್ತಿಸಿ, ಎಂಜಿನ್ ಸದ್ದು ಕೇಳಿ ತಲೆದೂಗಿದ. ಆಮೇಲೆ ಹಿಂದಿನ ಬಾಗಿಲು ತೆಗೆದ.

'ಇದೇನು ಸುಗ್ರಮ್ಮ, ಸೀಟಲ್ಲಿ ಬಾಳೆಗೊನೆ?'

'ಲೈನಿನ ಪಾಪಮ್ಮನ ಮಗಳು ಹೆತ್ತು ಮೊನ್ನೆ ಮನೆಗೆ ಬಂದ್ಲು. ಕೂಸು ತಂದ ಗಾಡಿನ ಬರಿ ಸೀಟಲ್ಲಿ ಕಳಿಸಲ್ಲ ಇಲ್ಲಿ. ಏನಾದ್ರೂ ಇಡ್ತಾರೆ.'

'ಪ್ರತಿ ಸಲನೂ?'

'ಪ್ರತಿ ಸಲ. ಹಿಂದಿನ ಸಲ ಕುಂಬಳಕಾಯಿ.'

ಚಂದ್ರಶೇಖರ ಪೆನ್ನಿನ ಮುಚ್ಚಳ ತೆಗೆದು 'ಬಾಡಿಗೆ' ಎಂದು ಬರೆದ. 'ಹಂಗಾದ್ರೆ ಬಾಡಿಗೆ ಗಾಡಿ ಆಯ್ತಲ್ಲ! ಸ್ವಂತ ಗಾಡಿ ಪಾಲಿಸಿ ಬರಲ್ಲ. ಟ್ಯಾಕ್ಸಿ ಅಂತ ಮಾಡ್ಸೋಣ ಅಂದ್ರೆ ಇಷ್ಟು ಹಳೇದಕ್ಕೆ ಪರ್ಮಿಟ್ ಸಿಗಲ್ಲ.'

'ಒಳಗಿನವರಿಗೆ?'

'ಬರಲ್ಲ. ಇನ್ಮೇಲೆ ಯಾರೇನು ಇಟ್ರೂ ಬೇಡ ಅನ್ನಿ. ಇಲ್ಲಾಂದ್ರೆ, ಯಾರೂ ಏನೂ ಇಡಲ್ಲ ಅಂತ ನನ್ನ ಹತ್ರ ಒಂದು ಮಾತು ಹೇಳಿ, ಮುಗೀತು.'

ಚಾ ಕೊಟ್ಟು ಅಂಗಳದಲ್ಲೇ ಕೂತಿದ್ದ ಪಾಪಮ್ಮ ಎದ್ದು ನಿಂತಳು. 'ಬೇಡ ಅಂದ್ರೆ ಕೂಸಿಗೆ ಒಳ್ಳೇದಲ್ಲ ಮಾರಾಯ್ರೇ!'

ಸುಗ್ರಾ ಬೀಯ ದನಿ ಇಳಿಯಿತು. ಮೊಯ್ದು ಚಾದ ಲೋಟ ಕೆಳಗಿಟ್ಟು ಕಾರಿನ ಆಚೆ ಬದಿಗೆ ಸರಿದ.

'ಏಜೆಂಟ್ರೇ, ಎಷ್ಟು ಹಣ್ಣು ತಿಂದ್ರಿ?'

'ಹಾಂ?'

'ಮೂರು. ಇದೇ ಗೊನೇದು. ಸೀಟ್ ಮೇಲಿದ್ರೆ ಬಾಡಿಗೆ ಅಂದ್ರಲ್ಲ, ನಿಮ್ಮ ಹೊಟ್ಟೇಲಿ ಇರೋದು ಏನು? ಲಂಚ. ಅದನ್ನೂ ಬರೀರಿ.'

'ಅಯ್ಯೋ, ಮನೆಗೆ ಬಂದವ್ರಿಗೆ ಕೊಡೋದು ಉಪಚಾರ ಅಲ್ವಾ...'

'ನಿಮಗೆ ಉಪಚಾರ, ನಮಗೆ ಬಾಡಿಗೆ! ಸುಳ್ಳು ಹೇಳಿದ್ರೆ ಪಾಲಿಸಿ, ನಿಜ ಹೇಳಿದ್ರೆ ಇಲ್ಲ! ರಸ್ತೇಲಿ ಹೋಗೋ ಎಮ್ಮೆಗೆ ಬರುತ್ತೆ, ಒಳಗೆ ನೋವು ತಿನ್ನೋ ಬಸುರಿಗೆ ಬರಲ್ಲ! ಯಾವ ಪುಣ್ಯಾತ್ಮ ಬರೆದ ಕಾನೂನು ಇದು? ಬಾಡಿಗೆ, ಲಂಚ ಎರಡನ್ನೂ ಬರೀರಿ, ಇಲ್ಲಾ ಎರಡನ್ನೂ ಬಿಡಿ.'

ಚಂದ್ರಶೇಖರ ಸಿಪ್ಪೆಗಳಿದ್ದ ತಟ್ಟೆಯ ಕಡೆ ನೋಡಿದ. ಪಾಪಮ್ಮ ಅದನ್ನು ಎತ್ತಿಕೊಂಡು ಹೋಗಲಿಲ್ಲ, ಬೇಕೆಂದೇ ಬಿಟ್ಟಿದ್ದಳು. ಅವನು ಬರೆದದ್ದನ್ನು ಹೊಡೆದುಹಾಕಿ 'ಬಾಡಿಗೆಗಲ್ಲ' ಎಂದು ಬರೆದ.

'ಸರಿ ಬಿಡಿ. ಇದು ಉಪಚಾರನೇ ಅಂತ ಆಫೀಸಲ್ಲಿ ನಾನೇ ಹೇಳ್ತೀನಿ. ಡ್ರೈವರ್ ಬಿಟ್ಟು ಒಳಗೆ ಎಷ್ಟು ಜನ?'

'ಹೋಗ್ತಾ ಮೂರು, ಬರ್ತಾ ನಾಕು' ಎಂದಳು ಪಾಪಮ್ಮ.

ಅವನಿಗೆ ನಗು ಬಂತು. ಸುಗ್ರಾ ಬೀಗೆ ಬರಲಿಲ್ಲ. 'ನಾಕು ಅಂತ ಬರೀರಿ' ಎಂದವಳೇ, ಉಳಿದ ಗೊನೆಯನ್ನು ಎತ್ತಿ ಅವನ ಕಂಕುಳಿಗೆ ತುರುಕಿದಳು.

'ಬೇಡಮ್ಮ, ಬೇಡ!'

'ಹಿಡೀರಿ. ಬರಿಗೈಲಿ ಕಳಿಸಲ್ಲ ಇಲ್ಲಿ.'

ಪಾಲಿಸಿ ಟಪಾಲಿನಲ್ಲಿ ಬಂತು. ಒಳಗಿನ ನಾಲ್ವರೂ ಸೇರಿದ್ದಾರೆಂಬ ಸಾಲನ್ನು ಮೊಯ್ದು ಬೆರಳಿಟ್ಟು ಓದಿದ. ಆಕೆ ಇನ್ನೊಮ್ಮೆ ಓದಿಸಿದಳು.

'ಇಷ್ಟೇನಾ? ಒಂದೇ ಸಾಲಾ? ಆ ಜೀಪಿನವನು ಇದನ್ನ ಬರೆಸೋಕಾಗ್ಲಿಲ್ವಾ? ಬರೆಸಿ ಅಂತ ಒಬ್ಬನಾದ್ರೂ ಅವನಿಗೆ ಹೇಳ್ಲಿಲ್ವಾ?'

ಮೊಯ್ದು ಕಾಗದ ಮಡಿಸಿ ಆಕೆಯ ಕೈಗೆ ಕೊಟ್ಟ. ಅಷ್ಟರಲ್ಲಿ ಲೈನಿನ ಕಡೆಯಿಂದ ಪಾಪಮ್ಮ ಕೂಗುತ್ತ ಓಡಿಬಂದಳು, ಮುತ್ತಮ್ಮನಿಗೆ ನೋವು ಶುರುವಾಗಿದೆಯೆಂದು. ಸುಗ್ರಾ ಬೀ ಕಾಗದವನ್ನು ಸೆರಗಿಗೆ ಕಟ್ಟಿಕೊಂಡು ಕಾರಿನ ಬಾಗಿಲು ತೆಗೆದಳು.

'ಎಂಥ ನೋಡ್ತಾ ನಿಂತಿದ್ದಿ ಮಾರಾಯ? ಗಾಡಿ ತೆಗಿ. ಈ ಸಲ ನಾನೂ ಒಳಗೆ ಕೂರ್ತೀನಿ.'