ತಮ್ಮನ ಹೆಸರಿನ ಬೌಲರ್

ರಾಜ್ಯ ತಂಡಕ್ಕೆ ಆಯ್ಕೆಯಾದ ವೇಗದ ಬೌಲರ್ ಅನೂಪ ನಾಯ್ಕನ ನಿಜವಾದ ಹೆಸರು ಶಿಶಿರ. ಅನೂಪ ಅವನ ತಮ್ಮ. ಹೊನ್ನಾವರದ ಐಸ್ ಪ್ಲಾಂಟಿನಲ್ಲಿ ಮೀನಿಗೆ ಮಂಜುಗಡ್ಡೆ ಒಡೆಯುತ್ತಾನೆ. ಅವರ ಊರು ಮಾವಳ್ಳಿಗೆಲ್ಲ ಇದು ಗೊತ್ತು. ಊರ ಹುಡುಗ ಮೇಲೆ ಬಂದರೆ ಸಾಕೆಂದು ಊರು ಬಾಯಿ ಹೊಲಿದುಕೊಂಡಿದೆ.

ಅಣ್ಣತಮ್ಮಂದಿರಿಬ್ಬರೂ ತೆಂಗಿನಗುಂಡಿ ಕಡಲತೀರದ ಒದ್ದೆ ಮರಳಿನಲ್ಲಿ ಟೆನಿಸ್ ಬಾಲ್ ಎಸೆದೇ ಕೈ ಪಳಗಿಸಿದವರು. ಹದಿನಾರರೊಳಗಿನವರ ಆಯ್ಕೆ ಬಂದಾಗ ಶಿಶಿರನಿಗೆ ಹದಿನಾರು ದಾಟಿ ನಾಲ್ಕು ತಿಂಗಳು. ಊರ ತಂಡದ ಮ್ಯಾನೇಜರ್ ನಿತ್ಯಾನಂದ ಮಹಾ ಬುದ್ಧಿವಂತ, ಬೇರೆಯವರ ಮಕ್ಕಳ ವಿಷಯದಲ್ಲಿ. "ತಮ್ಮನ ಜನನ ಪತ್ರ ಕೊಡು ಮಾರಾಯ. ಅವ ಸಣ್ಣವ, ಅವನದ್ದು ಮುಂದೆ ನೋಡುವ" ಅಂದ. ಶಿಶಿರ ಕೊಟ್ಟ. ಯಾರೂ ಅವನ ಕೈ ತಿರುಚಿರಲಿಲ್ಲ.

ಮರುವರ್ಷ ಅನೂಪ ಆಯ್ಕೆಗೆ ಹೋದರೆ ಅದೇ ಹೆಸರು, ಅದೇ ಅಪ್ಪ, ಅದೇ ಹುಟ್ಟಿದ ದಿನ ಆಗಲೇ ಪಟ್ಟಿಯಲ್ಲಿತ್ತು. ಅರ್ಜಿ ಕೊಟ್ಟರೆ ಅಣ್ಣನ ಬಣ್ಣ ಬಯಲು. ಅವನು ಗೇಟಿನಿಂದಲೇ ವಾಪಸ್ ಬಂದ. ಅವನ ಯಾರ್ಕರ್ ತನ್ನದಕ್ಕಿಂತ ಚುರುಕೆಂದು ಶಿಶಿರನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಹುಬ್ಬಳ್ಳಿಯ ಶಿಬಿರ, ವಲಯ ತಂಡ, ಹತ್ತೊಂಬತ್ತರೊಳಗಿನವರ ತಂಡ ಎಂದು ಶಿಶಿರ ಏರುತ್ತಲೇ ಹೋದ. ವಿಕೆಟ್ ಬಿದ್ದಾಗಲೆಲ್ಲ ಜೊತೆಗಾರರು "ಅನೂಪಾ!" ಎಂದು ಓಡಿಬಂದು ತಬ್ಬುತ್ತಿದ್ದರು. ಕದ್ದವನಿಗೆ ಚಪ್ಪಾಳೆ, ಕಳಕೊಂಡವನಿಗೆ ಮಂಜುಗಡ್ಡೆ!

ರಾಜ್ಯ ತಂಡದ ಟೋಪಿ ಸಿಗುವ ಹಿಂದಿನ ದಿನ ಮಧ್ಯಾಹ್ನ ಅವನಿಗೆ ತಡೆಯಲಾಗಲಿಲ್ಲ. ತಮ್ಮನಿಗೆ ಫೋನ್ ಮಾಡಿದ.

"ಇವತ್ತು ಕೋಚ್ ಹತ್ರ ಎಲ್ಲಾ ಹೇಳ್ಬಿಡ್ತೆ."

"ಹೇಳಿರೆ ಎಂತ ಆತು?"

"ನನ್ನ ತೆಗೆದು ಹಾಕ್ತಾರೆ. ನಿಂಗೆ ದಾರಿ ಆಗ್ತದೆ."

"ಎಂತ ದಾರಿ ಅಣ್ಣ? ಐಸ್ ಗಡ್ಡೆ ಎತ್ತಿ ಎತ್ತಿ ನನ್ ಭುಜ ಹೋಗಿ ಎರಡು ವರ್ಷ ಆತು. ನಿಂಗೆ ಹೇಳಿರಲಿಲ್ಲ."

ಅನೂಪ ಮುಂದುವರಿಸಿದ: "ನಾಳೆ ಮೈಕಿನಲ್ಲಿ ಕೂಗೂದು ನನ್ ಹೆಸ್ರು. ನಂಗೆ ಆಡೂಕೆ ಆಗ್ಲಿಲ್ಲ, ಹೆಸ್ರಾದ್ರೂ ಆಡ್ಲಿ. ಅದನ್ನೂ ಹೊಡೆದು ಹಾಕ್ಬೇಡ."

ಬೆಳಿಗ್ಗೆ ಮೈದಾನದಲ್ಲಿ ಹೆಸರು ಕೂಗಿದರು. ಪಕ್ಕದವನು ತಿವಿದ ಮೇಲೆ ಶಿಶಿರ ಮುಂದೆ ಹೋಗಿ ತಲೆ ಬಗ್ಗಿಸಿದ. ಟೋಪಿ ಹಾಕಿ ಆದಮೇಲೂ ಅವನಿಗೆ ತಲೆ ಎತ್ತಲಾಗಲಿಲ್ಲ.