ಬೆಕ್ಕು ಮಲಗಿದ ಹಿಟ್ಟು

ಗಾಳದ ಕೋಲು ಜಗ್ಗಿದ ರಭಸಕ್ಕೆ ನಾನು ಕೆರೆಗೆ ಬೀಳುವುದೊಂದೇ ಬಾಕಿ. ಗಾಬರಿಯಲ್ಲಿ ಚೀರಿದೆ. ಯಜಮಾನರು ಓಡಿಬಂದು ಎಳೆದರೆ, ಮೊಣಕೈಯುದ್ದದ ಮೀನು!

ಇಬ್ಬರೂ ದಂಗಾದೆವು. ಗಾಳಕ್ಕಿದ್ದದ್ದು ನಮ್ಮ ಬೆಕ್ಕು ಮೈಚಾಚಿ ಮಲಗಿದ್ದ ಜೋಳದ ಹಿಟ್ಟು. "ಬೆಕ್ಕಿನ ವಾಸನಿ ಬಡದ್ರ ಮೀನ ಸನೇಕ ಬರಂಗಿಲ್ಲ" ಎಂದು ಬೆಳಿಗ್ಗೆ ಅವರೇ ಅದನ್ನು ಬಿಸಾಕಿದ್ದರು. ನಮ್ಮೂರು ಜಕ್ಕಲಿಯಲ್ಲಿ ಅದು ಅವರ ಅಜ್ಜನ ಕಾಲದ ಮಾತು. ನಾನು ಹಟಕ್ಕೆ ಎತ್ತಿಕೊಂಡು ಬಂದಿದ್ದೆ. ಅವರು ಕೈಗೆ ಮಣ್ಣು ತಿಕ್ಕಿ ತೊಳೆದು ನಾದಿದ ಹೊಸ ಹಿಟ್ಟನ್ನು ಸಂಜೆಯಾದರೂ ಒಂದು ಮೀನೂ ಮೂಸಿರಲಿಲ್ಲ.

"ನೀರಾಗಿರೂ ಮೀನ ಬೆಕ್ಕ ಯಾವಾಗ ನೋಡೇತ್ರಿ?" ಎಂದೆ.

ಈಗ ಕೆರೆಗೆ ಹೊರಡುವ ಮುನ್ನ ಅವರು ಕೈ ತೊಳೆಯುವುದಿಲ್ಲ. ಬೆಕ್ಕಿನ ಬೆನ್ನು ಸವರಿಯೇ ಹೋಗುತ್ತಾರೆ.